ಪೂವಪ್ಪನ ಹಾಡಿನ ಉಳಿದ ಚರಣಗಳು

ಪೂವಪ್ಪನ ಹಾಡು ಗೊತ್ತಿಲ್ಲದವರು ಆ ಕಾಲದ ಮಂಗಳೂರಿನಲ್ಲಿ ಯಾರಿದ್ದರು ಹೇಳಿ! ಬಂದರಿನಲ್ಲಿ ಮೂಟೆ ಹೊರುವವರು, ಉಳ್ಳಾಲದಿಂದ ಮೀನು ತರುವ ಹೆಂಗಸರು, ಕದ್ರಿಯ ವಕೀಲರ ಮನೆಯ ಮಕ್ಕಳು, ಎಲ್ಲರ ಬಾಯಲ್ಲೂ ಅದೇ. ಆದರೆ ಒಂದು ವಿಷಯ ಉಂಟು. ಅವರಿಗೆಲ್ಲ ಬರುತ್ತಿದ್ದದ್ದು ಮೊದಲಿನ ಎರಡು ಸಾಲು ಮಾತ್ರ. ಮುಂದಿನ ಚರಣಕ್ಕೆ ಬಂದ ಕೂಡಲೇ ಊರಿಗೆ ಊರೇ ಊಂ ಊಂ ಎಂದು ಮೂಗಿನಲ್ಲಿ ಹಾಡುತ್ತಿತ್ತು. ಹಾಡು ಬರೆಸಿಕೊಂಡ ನಾಟಕದವರೂ ಏನು ಕಮ್ಮಿಯಲ್ಲ. ಹೊತ್ತಾಯಿತೆಂದು ಎರಡು ಚರಣ ಹಾರಿಸುವುದು, ಕುಂದಾಪುರದಲ್ಲಿ ಒಂದು ಮಾತು, ಕಾಸರಗೋಡಿನಲ್ಲಿ ಇನ್ನೊಂದು ಮಾತು ತುರುಕುವುದು, ಇದೇ ಅವರ ಕಸುಬು. ಪೂರ್ತಿ ಹಾಡು, ಪೂವಪ್ಪ ಕಟ್ಟಿದ ಹಾಗೆಯೇ, ಒಬ್ಬಳ ಬಾಯಲ್ಲಿ ಮಾತ್ರ ಇತ್ತು. ಅವಳು ಅವನ ಹೆಂಡತಿ ಕಿನ್ನಿಯಕ್ಕ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಬೋಳೂರಿನ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅವನು ಅಚ್ಚು ಒತ್ತುವ ಕಡೆ, ಅವಳು ಹಸಿ ಹಂಚು ಹೊತ್ತು ಒಣಗಿಸುವ ಕಡೆ. ಮನೆ ಕೊಟ್ಟಾರದಲ್ಲಿ, ಕಿನ್ನಿಯಕ್ಕನ ತಾಯಿಯ ಕಡೆಯದ್ದು. ದಿನಾ ಬೆಳಿಗ್ಗೆ ಕಾರ್ಖಾನೆಯ ಮೊದಲ ಕೂಗಿಗೆ ಮುಂಚೆಯೇ ಹೊರಡಬೇಕು. ಅವಳ ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ, ಅದರ ಮೇಲೆ ಇಬ್ಬರ ಗಂಜಿಪಾತ್ರೆಯ ಬುಟ್ಟಿ. ಅವನದ್ದು ಖಾಲಿ ಕೈ. ಹೆಂಡತಿಯ ತಲೆಗೆ ಹೊರೆ ಹೊರಿಸಿ ತಾನು ಕೈ ಬೀಸಿ ನಡೆಯುವ ಗಂಡಸನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಆದರೆ ಈ ಒಬ್ಬನಿಗೆ ಮಾಫಿ. ಯಾಕೆಂದರೆ ಆ ದಾರಿಯಲ್ಲೇ ಅವನು ಹಾಡು ಕಟ್ಟುತ್ತಿದ್ದ.

ಚಿಲಿಂಬಿಯ ಇಳಿಜಾರು ಸಿಗುವಾಗ ಪಲ್ಲವಿ ಹುಟ್ಟುತ್ತಿತ್ತು. ಅವನು ಒಂದು ಸಾಲು ಹೇಳುವುದು, ಅವಳು ಅದನ್ನೇ ಹೆಜ್ಜೆಗೆ ಸರಿಯಾಗಿ ತಿರುಗಿ ಹೇಳುವುದು. ಅವಳ ಬಾಯಲ್ಲಿ ಎಲ್ಲಾದರೂ ತೊಡರಿದರೆ ಅವನು ಅಲ್ಲೇ ಬದಲಿಸುತ್ತಿದ್ದ. ಸರಿಯಾಗಿ ಕೂತಿತೋ, "ಇಟ್ಟುಕೋ ಕಿನ್ನಿ" ಎನ್ನುತ್ತಿದ್ದ. ಉರ್ವದ ಮಾರಿಗುಡಿ ಬರುವಾಗ ಎರಡು ಚರಣ, ಹೊಳೆ ಕಾಣುವಾಗ ನಾಲ್ಕು. ಸಂಜೆ ಮನೆಗೆ ಬಂದ ಮೇಲೆ ಒಂದು ಪುಸ್ತಕದಲ್ಲಿ ಹಾಡಿನ ಮೊದಲ ಸಾಲು ಬರೆದು, ಅದರ ಕೆಳಗೆ ಎಷ್ಟು ಚರಣವೋ ಅಷ್ಟು ಗೀಟು ಎಳೆದರೆ ಅವನ ಸಾಹಿತ್ಯಸೇವೆ ಮುಗಿಯಿತು. "ಎಲ್ಲ ಬರೆದಿಡಿ ಮಾರಾಯ್ರೆ" ಎಂದು ಅವಳು ಹೇಳಿದರೆ, "ನೀನುಂಟಲ್ಲ, ಕಾಗದ ಯಾಕೆ ದಂಡ?" ಎಂದು ನಗುತ್ತಿದ್ದ. ಉದಾಸೀನ, ಮತ್ತೆಂತ! ಊಟಕ್ಕೆ ಕೂತಲ್ಲಿಂದ ಎದ್ದು ನೀರು ತೆಗೆದುಕೊಳ್ಳಲಿಕ್ಕೂ ಉದಾಸೀನದ ಜನ ಅದು.

ನಲವತ್ತಮೂರನೇ ಇಸವಿಯ ಮಳೆಗಾಲದಲ್ಲಿ ಹದಿನೆಂಟು ದಿನ ಜ್ವರ ಬಂದು ಪೂವಪ್ಪ ಹೋಗಿಬಿಟ್ಟ. ನಮ್ಮ ಕಡೆಯ ಅಳಿಯಸಂತಾನದ ಕಟ್ಟು ಗೊತ್ತಲ್ಲ, ಗಂಡಸು ಸತ್ತರೆ ಅವನದ್ದೆಲ್ಲ ಅಕ್ಕತಂಗಿಯರ ಮಕ್ಕಳಿಗೆ. ಹೆಂಡತಿಗಾಗಲಿ ಸ್ವಂತ ಮಕ್ಕಳಿಗಾಗಲಿ ಅದರಲ್ಲಿ ಬಾಯಿ ಹಾಕಲಿಕ್ಕಿಲ್ಲ. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ದಿನ ಪೂವಪ್ಪನ ಅಕ್ಕನ ಮಗ ನೋಣಯ್ಯ ಬಂದು ಮಾವನ ತಗಡಿನ ಪೆಟ್ಟಿಗೆ, ಕೊಡೆ, ಹಾಡಿನ ಪುಸ್ತಕ ಎಲ್ಲ ಒಯ್ದ. ಪೆಟ್ಟಿಗೆಯ ಧೂಳು ಒರೆಸಿ ಕೊಟ್ಟವಳು ಕಿನ್ನಿಯಕ್ಕನೇ. ಕಟ್ಟು ಅಂದರೆ ಕಟ್ಟು, ಅದಕ್ಕೆ ಅವಳು ಒಂದು ಮಾತು ಎತ್ತಲಿಲ್ಲ. ಮಗಳು ಹೇಮಾಕ್ಷಿಯನ್ನು ಸಾಕಿಕೊಂಡು ಅದೇ ಕಾರ್ಖಾನೆಗೆ, ಅದೇ ದಾರಿಯಲ್ಲಿ, ಒಬ್ಬಳೇ ಹೋಗಿ ಬರುತ್ತಿದ್ದಳು.

ಮೂರು ವರ್ಷ ಕಳೆಯಿತು. ಒಂದು ಆದಿತ್ಯವಾರ ಬೆಳಿಗ್ಗೆ ನೋಣಯ್ಯ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೊಟ್ಟಾರದ ಮನೆಗೆ ಬಂದ. ಹಂಪನಕಟ್ಟೆಯಲ್ಲಿ ಅವನದ್ದೊಂದು ಚಹಾ ಹೋಟೆಲು, ಹೋಟೆಲಿನಲ್ಲಿ ಒಂದು ರೇಡಿಯೋ, ಆ ರೇಡಿಯೋದಿಂದಾಗಿ ಅವನಿಗೊಂದು ಗತ್ತು. ಅಂಗಳದಲ್ಲಿ ನಿಂತೇ ಕೂಗಿದ.

"ಮಾಮಿ, ಮಾವನ ಹಾಡು ಮದರಾಸು ರೇಡಿಯೋದಲ್ಲಿ! ಒಂದು ಗಂಟೆ! ಏಳು ಹಾಡು, ನಡುವೆ ತಮಾಷೆಯ ಸಣ್ಣ ಆಟ, ಕೊನೆಗೆ ನಂದೂ ಎರಡು ನಿಮಿಷ ಮಾತುಂಟು. ಕಾಗದ ಬಂದಿದೆ ನೋಡಿ!"

ಕಿನ್ನಿಯಕ್ಕ ಹರಿವೆ ಸೊಪ್ಪು ಸೋಸುತ್ತಿದ್ದವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇದ್ದಾಗ ಈ ಸಂತೋಷ ನೋಡಲಿಲ್ಲವಲ್ಲ ಅವರು ಎಂದುಕೊಂಡಳು. "ಯಾವ ಯಾವುದು? ಓದು, ಕೇಳುವ" ಎಂದಳು.

ನೋಣಯ್ಯ ಜಗಲಿಯಲ್ಲಿ ಕೂತು, ಚಂದದ ಅಕ್ಷರದಲ್ಲಿ ಬರೆಸಿದ ಕಾಗದ ಬಿಡಿಸಿ, ಗಂಟಲು ಸರಿಮಾಡಿಕೊಂಡ.

"ತಡಿ ಮಾರಾಯ ದೋಣಿಯವನೇ, ನನ್ನದೊಂದು ಹೊರೆ ಉಂಟು, ಹೊರೆಯೊಳಗೆ ಎಂತ ಕೇಳಬೇಡ, ಹೊತ್ತವಳಿಗೆ ಗೊತ್ತುಂಟು."

"ಹಾಂ!" ಎಂದಳು ಕಿನ್ನಿಯಕ್ಕ.

"ಭವಸಾಗರದ ನಾವಿಕನೇ, ಪಾವನ ಪದವ ತೋರಿಸೈ, ಪಾಪದ ಭಾರವ ನೀಗಿಸಿ ಪರಮಪದಕೆ ಏರಿಸೈ."

ಸೊಪ್ಪು ಸೋಸುತ್ತಿದ್ದ ಕೈ ನಿಂತಿತು. "ಇದು ಯಾರದ್ದು?"

"ಮಾವನದ್ದೇ. ಅಂದ್ರೆ... ಮೊದಲಿನದ್ದು ಮಾವನದ್ದು. ಮತ್ತಿನದ್ದು ನಮ್ಮ ಹೈಸ್ಕೂಲಿನ ಪಂಡಿತರು ನಿತ್ಯಾನಂದ ಮಾಸ್ಟ್ರು ಪೂರ್ತಿ ಮಾಡಿಕೊಟ್ಟದ್ದು. ಮಾವ ಎಲ್ಲ ಅರ್ಧಕ್ಕೆ ಬಿಟ್ಟಿದ್ದಾರೆ ಮಾಮಿ. ಪುಸ್ತಕದಲ್ಲಿ ಒಂದೊಂದೇ ಸಾಲು. ಕೆಳಗೆ ಗೀಟು ಎಳೆದಿದ್ದಾರೆ, ನಾಟಕ ಎಷ್ಟು ಆಟ ಆಯಿತು ಅಂತ ಇರಬೇಕು."

"ಅಯ್ಯೋ ನಿನ್ನ! ಅದು ಆಟದ ಲೆಕ್ಕ ಅಲ್ಲ ಮಾರಾಯ, ಚರಣ! ನಾಲ್ಕು ಗೀಟು ಅಂದ್ರೆ ನಾಲ್ಕು ಚರಣ. ನಾಲ್ಕೂ ನನ್ನ ಹತ್ತಿರ ಉಂಟು. ದೋಣಿಯಲ್ಲಿ ಕೂತವಳು ಮಣ್ಣು ಹೊರುವ ಹೆಂಗಸು. ಅವಳಿಗೆಂತದ್ದು ಪರಮಪದ? ಕೆಲಸಕ್ಕೆ ತಡ ಆಗಿದೆ ಅವಳಿಗೆ!"

ನೋಣಯ್ಯನ ಮುಖ ಇಳಿಯಿತು. ಆದರೆ ಕೆಟ್ಟವನಲ್ಲ ಪಾಪ, ಕೂಡಲೇ ಪೆನ್ಸಿಲು ತೆಗೆದ. "ಹಾಗಾದ್ರೆ ಹೇಳಿ. ಈಗಲೇ ಬರೆದುಕೊಳ್ತೇನೆ."

ಕಿನ್ನಿಯಕ್ಕ ಕೈ ತೊಳೆದು ಬಂದು ಚಾಪೆಯ ಮೇಲೆ ಕೂತಳು. ಬಾಯಿ ತೆರೆದಳು. ತಡಿ ಮಾರಾಯ ದೋಣಿಯವನೇ ಎಂದಳು. ಹೊರೆ ಉಂಟು ಎಂದಳು, ಗೊತ್ತುಂಟು ಎಂದಳು. ಆಮೇಲೆ? ಆಮೇಲೆ ಏನೂ ಬರಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಹಿಡಿದಳು. ಅಲ್ಲಿಗೇ ಬಂದು ನಿಂತಿತು. ಬೇರೆ ಹಾಡು ಹಿಡಿದಳು, ಅದೂ ಹಾಗೆಯೇ. ನೋಣಯ್ಯ ಪೆನ್ಸಿಲು ಹಿಡಿದು ಕಾದ, ಕೋಳಿ ಓಡಿಸಿದ, ಮೇಲೆ ನೋಡಿದ, ಕೊನೆಗೆ ಎದ್ದ.

"ಬಿಡಿ ಮಾಮಿ. ಮೂರು ವರ್ಷ ಆಯ್ತು, ಮರೆಯದೆ ಇರ್ತದಾ? ನಾಳೆ ಬೆಳಿಗ್ಗೆ ಇದನ್ನು ಟಪಾಲಿಗೆ ಹಾಕಬೇಕು. ಬರೆದದ್ದು ಮೊದಲೇ ಅಲ್ಲಿಗೆ ಮುಟ್ಟದಿದ್ರೆ ಅವರು ಹಾಡಿಸುದಿಲ್ಲ. ಇಲ್ಲದಿದ್ರೆ ಇಡೀ ಕಾರ್ಯಕ್ರಮವೇ ಇಲ್ಲ, ಗೊತ್ತಾಯ್ತಾ?"

ಅವನು ಹೋದ ಮೇಲೆ ಕಿನ್ನಿಯಕ್ಕ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಇಟ್ಟುಕೋ ಎಂದು ಕೊಟ್ಟದ್ದನ್ನು ಕಳಕೊಂಡೆನಲ್ಲ ಎಂದು ಅತ್ತಳು. ಗಂಡ ಸತ್ತ ದಿನವೂ ಅವಳು ಇಷ್ಟು ಹೆದರಿರಲಿಲ್ಲ.

ಮರುದಿನ ಬೆಳಿಗ್ಗೆ ಗಂಜಿಬುಟ್ಟಿ ತಲೆಗೇರಿಸಿಕೊಂಡು ಕೆಲಸಕ್ಕೆ ಹೊರಟಳು. ಮನಸ್ಸು ಎಲ್ಲೋ, ಕಾಲು ಎಲ್ಲೋ. ಚಿಲಿಂಬಿಯ ಇಳಿಜಾರಿನಲ್ಲಿ ಕಾಲು ಬಿರುಸಾಯಿತು ನೋಡಿ, ಬಾಯಿ ತನ್ನಷ್ಟಕ್ಕೆ ಗುನುಗಿತು:

"ಆಚೆ ದಡದಲ್ಲಿ ಮಗು ಅಳ್ತದೆ,
ಈಚೆ ದಡದಲ್ಲಿ ಗಂಟೆ ಬಡೀತದೆ,
ನಡುನೀರಲ್ಲಿ ಕೂತವಳಿಗೆ
ಎರಡೂ ಒಟ್ಟಿಗೆ ಕೇಳ್ತದೆ."

ಕಿನ್ನಿಯಕ್ಕ ಗಕ್ಕನೆ ನಿಂತಳು. ನಿಂತ ಕೂಡಲೇ ಮುಂದಿನದ್ದು ನಿಂತಿತು. ನಡೆದಳು, ಬಂತು. ಮಾರಿಗುಡಿ ದಾಟುವಾಗ ಮೂರನೇ ಚರಣ, ಹೊಳೆ ಕಾಣುವಾಗ ನಾಲ್ಕನೆಯದ್ದು. ಒಂದು ಅಕ್ಷರ ಆಚೀಚೆ ಇಲ್ಲ. ಹದಿನೈದು ವರ್ಷ ತಲೆಯ ಮೇಲೆ ಹೊರೆ, ಕಾಲಲ್ಲಿ ನಡಿಗೆ ಇಟ್ಟುಕೊಂಡೇ ಕಲಿತ ಹಾಡು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಎಲ್ಲಿಂದ ಬರಬೇಕು! ಕಾರ್ಖಾನೆಯ ಗೇಟಿನಲ್ಲಿ ಅವಳು ನಗುವುದನ್ನೂ ಅಳುವುದನ್ನೂ ಒಟ್ಟಿಗೆ ಕಂಡು ಜೊತೆಯ ಕೆಲಸದವಳು ಕಾರ್ಮಿನ್ ಬಾಯಿ ಗಾಬರಿಯಾದಳು.

"ಎಂತ ಆಯ್ತು ಕಿನ್ನಿ? ಯಾರಾದ್ರೂ ಏನಾದ್ರೂ ಅಂದ್ರಾ?"

"ಉಂಟು ಬಾಯಿ, ಎಲ್ಲ ಉಂಟು! ಕಾಲಿನಲ್ಲಿ ಉಂಟು!"

"ದೇವರೇ, ಇವಳಿಗೆ ತಲೆ ಕೆಟ್ಟಿತು" ಎಂದಳು ಕಾರ್ಮಿನ್ ಬಾಯಿ.

ನೋಣಯ್ಯನ ಕಾಗದ ಅಷ್ಟರಲ್ಲಿ ಟಪಾಲಿಗೆ ಬಿದ್ದಾಗಿತ್ತು. ಮರುದಿನದಿಂದ ಕೊಟ್ಟಾರದ ರಸ್ತೆಯಲ್ಲಿ ಒಂದು ಹೊಸ ತಮಾಷೆ ಶುರುವಾಯಿತು. ಮುಂದೆ ತಲೆಯ ಮೇಲೆ ಬುಟ್ಟಿ ಹೊತ್ತು ಹಾಡುತ್ತ ತಾಯಿ, ಪಕ್ಕದಲ್ಲಿ ರಟ್ಟಿನ ಮೇಲೆ ಕಾಗದ ಇಟ್ಟು ಬರೆಯುತ್ತ, ಎಡವುತ್ತ ಮಗಳು. ಹೇಮಾಕ್ಷಿ ಮಿಶನ್ ಶಾಲೆಯಲ್ಲಿ ಎಂಟನೇ ಕ್ಲಾಸು ಕಲಿತ ಹದಿನೇಳು ವರ್ಷದ ಹುಡುಗಿ, ಅಕ್ಷರ ಮುತ್ತಿನ ಹಾಗೆ. ಆದರೆ ನಡೆಯುತ್ತ ಬರೆದರೆ ಮುತ್ತೆಲ್ಲ ಚೆಲ್ಲಾಪಿಲ್ಲಿ. "ಅಮ್ಮ, ಸ್ವಲ್ಪ ನಿಲ್ಲು" ಎಂದರೆ, "ನಿಂತ್ರೆ ಹೋಗ್ತದೆ, ನೀನು ಓಡು" ಎಂದು ತಾಯಿ. ನೋಡಿದವರು ನಕ್ಕರು. ನಗಲಿ! ಏಳು ಬೆಳಿಗ್ಗೆ, ಏಳು ಹಾಡು. ಎಂಟನೇ ದಿನ ಹೇಮಾಕ್ಷಿ ಎಲ್ಲವನ್ನೂ ಶುದ್ಧ ಅಕ್ಷರದಲ್ಲಿ ಬರೆದು, ಒಂದು ಕಾಗದ ಕೂಡಿಸಿ, ಮದರಾಸಿಗೆ ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದಳು.

ವಾರದ ನಂತರ ಒಂದು ಕಾರ್ಡು ಬಂತು. ಈ ಕಾರ್ಯಕ್ರಮದ ಸಾಹಿತ್ಯವು ದಿವಂಗತರ ವಾರಸುದಾರರಾದ ಶ್ರೀ ನೋಣಯ್ಯನವರಿಂದ ಈಗಾಗಲೇ ಬಂದಿದೆ, ಮಂಜೂರಾಗಿದೆ, ತಮಗೆ ವಂದನೆಗಳು. ಹೇಮಾಕ್ಷಿ ಓದಿ ಮುಗಿಸಿದಳು. ಕಿನ್ನಿಯಕ್ಕ ಕಾರ್ಡನ್ನು ತೆಗೆದುಕೊಂಡು, ಓದಲು ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಯಾವಾಗ ಅದು?"

"ಇಪ್ಪತ್ತನೇ ತಾರೀಕಿಗೆ, ಶನಿವಾರ ಸಂಜೆ."

"ಹಾಗಾದ್ರೆ ನಾವು ಹೋಗುವ."

"ಎಲ್ಲಿಗೆ?"

"ಮದರಾಸಿಗೆ, ಮತ್ತೆಲ್ಲಿಗೆ? ಪೆಟ್ಟಿಗೆ ಅವನಿಗೆ, ಸರಿ. ಕೊಡೆ ಅವನಿಗೆ, ಸರಿ. ಕಟ್ಟು ಹೇಳಿದ್ದನ್ನೆಲ್ಲ ನಾನು ಕೊಟ್ಟಾಗಿದೆ. ನನ್ನ ಬಾಯಿಗೆ ಕೊಟ್ಟದ್ದನ್ನು ಯಾವ ಕಟ್ಟೂ ಅವನಿಗೆ ಕೊಡಿಸಲಿಲ್ಲ. ಹೇಮಾ, ಊರೆಲ್ಲ ಕೂತು ಕೇಳ್ತದೆ ಮಗ. ಒಮ್ಮೆ ಆ ಪಂಡಿತರದ್ದು ರೇಡಿಯೋದಲ್ಲಿ ಬಂತೋ, ನಿನ್ನ ಅಪ್ಪನ ಹಾಡು ಮತ್ತೆ ಅದೇ. ನಾನು ಗುಡ್ಡೆಯ ಮೇಲೆ ನಿಂತು ಬೊಬ್ಬೆ ಹಾಕಿದ್ರೂ ಯಾರೂ ನಂಬುದಿಲ್ಲ."

ಕಾರ್ಖಾನೆಯ ಹಾಜರಿ ಬರೆಯುವ ರೈಟರು ರಜೆ ಕೊಡಲು ತಕರಾರು ಮಾಡಿದ. ಕಾರ್ಮಿನ್ ಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರು ಬಂದು, "ಅವಳ ಹೊರೆ ನಾನು ಹೊರ್ತೇನೆ, ನಿಮಗೆ ಹಂಚು ಬೇಕೋ ಅವಳು ಬೇಕೋ?" ಎಂದು ಕೇಳಿದಳು. ಆ ಹೆಂಗಸಿನ ಬಾಯಿಗೆ ಹೆದರದ ರೈಟರು ಬೋಳೂರಿನಲ್ಲಿ ಹುಟ್ಟಿರಲಿಲ್ಲ. ರಜೆ ಸಿಕ್ಕಿತು.

ಮಂಗಳೂರು ಸ್ಟೇಷನ್ನಿನಲ್ಲಿ ಮದರಾಸು ಮೇಲ್ ರೈಲಿನ ಮೂರನೇ ಕ್ಲಾಸಿನ ಡಬ್ಬಿಗೆ ಹತ್ತಿದರೆ ಎದುರಿನ ಬೆಂಚಿನಲ್ಲೇ ನೋಣಯ್ಯ! ಅವನು ಇವರನ್ನು ನೋಡಿದ, ಇವರ ಗಂಟನ್ನು ನೋಡಿದ, ವಿಷಯ ತಿಳಿಯಿತು. "ಮಾಮಿ, ನನ್ನ ಮರ್ಯಾದೆ ತೆಗೀಬೇಡಿ" ಎಂದ. "ನಿನ್ನ ಮರ್ಯಾದೆ ನನಗೆ ಬೇಡ ಮಗ, ನೀನೇ ಇಟ್ಟುಕೋ. ಗಂಜಿ ಉಂಟು, ಉಣ್ತೀಯಾ?" ಎಂದಳು ಅವಳು. ಅವನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತ. ಪಾಲ್ಘಾಟಿಗೆ ಬರುವಾಗ ಹಸಿವು ತಡೆಯಲಾರದೆ ಉಂಡ.

ಮದರಾಸಿನ ರೇಡಿಯೋ ಸ್ಟೇಷನ್ನಿನಲ್ಲಿ ಕನ್ನಡದ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದವರು ಮಹಾಬಲ ಎಂಬವರು, ಉಡುಪಿಯ ಕಡೆಯವರೇ. ಶುಕ್ರವಾರ ಮಧ್ಯಾಹ್ನ ತಮ್ಮ ಮೇಜಿನ ಮುಂದೆ ಹೀಗೆ ಮೂವರು ಬಂದು ನಿಂತದ್ದು ಕಂಡು ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದೇ ಹಾಡಿಗೆ ಎರಡು ಸಾಹಿತ್ಯ. ಒಂದು ಕಡೆ ವಾರಸುದಾರ, ಒಂದು ಕಡೆ ಹೆಂಡತಿ.

"ಅಮ್ಮಾ, ನಿಮ್ಮ ಸಂಕಟ ಅರ್ಥ ಆಗ್ತದೆ" ಎಂದರು. "ಆದರೆ ಮಂಜೂರಾದದ್ದನ್ನು ಬದಲು ಮಾಡ್ಲಿಕ್ಕೆ ನನಗೂ ಮೇಲಿನವರಿಗೆ ಕಾರಣ ಹೇಳಬೇಕು. ನಾಳೆಯೇ ಪ್ರಸಾರ. ಶಶಿಪ್ರಭಾ ಮೂರು ದಿನದಿಂದ ಅಭ್ಯಾಸ ಮಾಡಿದ್ದಾಳೆ. ಇದೇ ನಿಜವಾದ ಹಾಡು ಅಂತ ನಾನು ಹೇಗೆ ಹೇಳ್ಲಿ? ಒಮ್ಮೆ ಹಾಡಿ, ನೋಡುವ."

ಕಿನ್ನಿಯಕ್ಕ ಮೇಜಿನ ಎದುರು ನಿಂತಳು. ಮೇಲೆ ಫ್ಯಾನು ತಿರುಗುತ್ತಿತ್ತು. ನೆಲ ಕನ್ನಡಿಯ ಹಾಗೆ. ಬಾಯಿ ತೆರೆದಳು. ಮೊದಲ ಎರಡು ಸಾಲು ಬಂತು, ಮುಂದಕ್ಕಿಲ್ಲ.

"ನೋಡಿ ಸಾರ್, ನಾನು ಹೇಳಿದ್ದೆ" ಎಂದ ನೋಣಯ್ಯ. ಹೇಳುವಾಗ ಅವನಿಗೂ ಸಂತೋಷವೇನೂ ಇರಲಿಲ್ಲ.

ಹೇಮಾಕ್ಷಿ ತಾಯಿಯ ಕೈ ಹಿಡಿದಳು. ಕಿನ್ನಿಯಕ್ಕ ಕೈ ಬಿಡಿಸಿಕೊಂಡಳು. "ಅಪ್ಪಾ, ತಲೆಯ ಮೇಲೆ ಇಡ್ಲಿಕ್ಕೆ ಏನಾದ್ರೂ ಉಂಟಾ?" ಎಂದು ಮಹಾಬಲರನ್ನೇ ಕೇಳಿದಳು. ಅವರಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಅವಳು ಮೇಜಿನ ಮೇಲಿದ್ದ ಫೈಲುಗಳ ದೊಡ್ಡ ಕಟ್ಟನ್ನು ಎತ್ತಿ, ಸೆರಗಿನ ಸಿಂಬಿ ಸುತ್ತಿ, ತಲೆಯ ಮೇಲಿಟ್ಟುಕೊಂಡು ಉದ್ದನೆಯ ವರಾಂಡಕ್ಕೆ ಹೊರಟೇಬಿಟ್ಟಳು. "ಅಮ್ಮಾ, ಅದು ಸರಕಾರದ ಫೈಲು!" ಎಂದು ಅವರು ಹಿಂದಿನಿಂದ ಓಡಿದರು.

ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹಾಡು ಬಂತು. ವರಾಂಡದ ಆ ತುದಿಯವರೆಗೆ ಹೋಗಿ ತಿರುಗುವಾಗ ಮಗು ಅಳ್ತದೆ, ಈ ತುದಿಗೆ ಬರುವಾಗ ಗಂಟೆ ಬಡೀತದೆ. ಟೈಪು ಮಾಡುವವರು ಟೈಪು ಬಿಟ್ಟು ಬಾಗಿಲಿಗೆ ಬಂದರು. ಭಾಷೆ ತಿಳಿಯದ ಪ್ಯೂನುಗಳೂ ತಾಳ ಹಾಕಿದರು. ನಾಲ್ಕು ಚರಣ ಮುಗಿಸಿ ಅವಳು ನಿಲ್ಲಲಿಲ್ಲ, ಎರಡನೇ ಹಾಡು ಹಿಡಿದಳು, ಮೂರನೆಯದು ಹಿಡಿದಳು. ಹೇಮಾಕ್ಷಿ ಬರೆದ ಪ್ರತಿಯನ್ನು ಕೈಯಲ್ಲಿ ಹಿಡಿದು ಮಹಾಬಲರು ಪಕ್ಕದಲ್ಲೇ ನಡೆದು ಸಾಲು ಸಾಲು ತಾಳೆ ನೋಡಿದರು. ಒಂದು ಮಾತು ತಪ್ಪಿರಲಿಲ್ಲ.

ಅಭ್ಯಾಸದ ಕೋಣೆಯಿಂದ ಹಾಡುಗಾರ್ತಿ ಶಶಿಪ್ರಭಾ ಹೊರಗೆ ಬಂದು ಕೇಳುತ್ತಿದ್ದಳು. "ಸಾರ್" ಎಂದಳು, "ಆ ಪರಮಪದಕೆ ಏರಿಸೈ ನನ್ನ ಬಾಯಿಗೆ ಮೂರು ದಿನದಿಂದ ಹತ್ತುತ್ತಿಲ್ಲ. ಪಲ್ಲವಿ ಒಂದು ಕಡೆ ಎಳೀತದೆ, ಚರಣ ಇನ್ನೊಂದು ಕಡೆ. ಇದನ್ನು ಕೊಡಿ, ನಾಳೆಯೊಳಗೆ ಕಲೀತೇನೆ."

ಮಹಾಬಲರು ಕೈಯಲ್ಲಿದ್ದ ಪ್ರತಿಯನ್ನು ಮಡಚಿದರು. "ಈ ದೋಣಿ ಹಾಡನ್ನು ನಾನು ಸಣ್ಣವನಿರುವಾಗಿನಿಂದ ಹಾಡ್ತಾ ಇದ್ದೇನೆ. ಎರಡನೇ ಚರಣಕ್ಕೆ ಬಂದ್ರೆ ಬರೀ ಊಂ ಊಂ. ಇವತ್ತು ಕೇಳಿದೆ" ಎಂದರು. ಫೈಲಿನ ಕಟ್ಟನ್ನು ಅವಳ ತಲೆಯಿಂದ ತಾವೇ ಇಳಿಸಿಕೊಂಡರು. "ಮೇಲಿನವರ ಹತ್ರ ನಾನು ಮಾತಾಡ್ತೇನೆ. ಬೈಗುಳ ತಿಂದ್ರೆ ತಿಂತೇನೆ. ಆದರೆ ಈ ದೋಣಿ ಹಾಡು ಮಾತ್ರ ನೀವೇ ಹಾಡಬೇಕು ಅಮ್ಮಾ."

ಬೈಗುಳ ತಿಂದರು, ಸಹಿ ಹಾಕಿಸಿಕೊಂಡೂ ಬಂದರು. ಶನಿವಾರ ಸಂಜೆ ಸ್ಟುಡಿಯೋದ ಬಾಗಿಲು ಹಾಕಿದಾಗ ಕಿನ್ನಿಯಕ್ಕನಿಗೆ ಕಿವಿಯಲ್ಲಿ ಹತ್ತಿ ತುರುಕಿದ ಹಾಗಾಯಿತು. ದಪ್ಪ ಜಮಖಾನ, ನಡುವೆ ಕಂಬದ ಮೇಲೆ ಮೈಕು, ಸುತ್ತ ಪಿಟೀಲು, ತಬಲಾ, ಹಾರ್ಮೋನಿಯಂ. ಮೈಕಿನಿಂದ ದೂರ ಹೋದರೆ ಸ್ವರ ಹೋಗುತ್ತದೆ ಎಂದು ಮಹಾಬಲರು ಮೊದಲೇ ಹೇಳಿಕೊಟ್ಟಿದ್ದರು. ಹಾಗಾಗಿ ತಲೆಯ ಮೇಲೆ ಗಂಟು ಇಟ್ಟುಕೊಂಡು, ಬರಿಗಾಲಲ್ಲಿ, ನಿಂತಲ್ಲೇ ಹೆಜ್ಜೆ ಹಾಕುವುದೆಂದು ತೀರ್ಮಾನವಾಯಿತು. ಕೆಂಪು ದೀಪ ಹತ್ತಿತು. ಅವಳು ಕಣ್ಣು ಮುಚ್ಚಿ ಚಿಲಿಂಬಿ ಇಳಿದಳು, ಮಾರಿಗುಡಿ ದಾಟಿದಳು, ಹೊಳೆ ಕಾಣುವವರೆಗೆ ಹಾಡಿದಳು. ಪಕ್ಕದಲ್ಲಿ ಖಾಲಿ ಕೈಯ ಗಂಡಸೊಬ್ಬ ನಡೆಯುತ್ತಿದ್ದಾನೆ ಎಂದೇ ಅವಳಿಗೆ ಅನಿಸುತ್ತಿತ್ತು. ಕಣ್ಣು ತೆರೆದಾಗ ಇಲ್ಲ. ಆಗ ಅವಳಿಗೆ ಬಹಳ ದುಃಖವಾಯಿತು.

ಉಳಿದ ಆರು ಹಾಡನ್ನು ಶಶಿಪ್ರಭಾ ಮತ್ತು ಜೊತೆಯವರು ಹಾಡಿದರು, ಹೇಮಾಕ್ಷಿಯ ಅಕ್ಷರದಿಂದಲೇ. ಕೊನೆಗೆ ನೋಣಯ್ಯನ ಎರಡು ನಿಮಿಷ. ಅವನ ಮಾತು ಮಾತ್ರ ಹಿಂದೆಯೇ ಮಂಜೂರಾದದ್ದು, ಒಂದು ಶಬ್ದ ಆಚೀಚೆ ಮಾಡುವಂತಿಲ್ಲ. "ನನ್ನ ಮಾವನವರ ಸಮಸ್ತ ಹಾಡುಗಳು ನನ್ನ ಬಳಿ..." ಎಂದವನು ನಿಂತುಬಿಟ್ಟ. ಗಾಜಿನ ಕಿಟಕಿಯ ಆಚೆ ಮಹಾಬಲರು ಕೈ ಕೈ ಹಿಸುಕಿಕೊಂಡರು. ನೋಣಯ್ಯ ಮಾಮಿಯನ್ನು ನೋಡಿದ, "ಸುರಕ್ಷಿತವಾಗಿವೆ" ಎಂದು ಓದಿ ಮುಗಿಸಿದ. ಅವನ ಕಿವಿ ಕೆಂಪಾಗಿತ್ತು.

ದೀಪ ಆರಿದ ಮೇಲೆ ಕಿನ್ನಿಯಕ್ಕ ಮಹಾಬಲರನ್ನು ಕೇಳಿದಳು. "ಅಪ್ಪಾ, ಈಗ ಆ ಹಾಡು ಎಲ್ಲುಂಟು?"

"ಹೋಯಿತಲ್ಲ ಅಮ್ಮಾ. ಊರಿಗೆಲ್ಲ ಕೇಳಿರ್ತದೆ."

"ಇಲ್ಲಿ ಇಟ್ಟುಕೊಳ್ಳುದಿಲ್ವಾ?"

"ಇಲ್ಲ. ಹಾಡಿದ್ದು ಹಾಡಿದ ಹಾಗೇ ಹೋಗ್ತದೆ."

ಇಷ್ಟೆಲ್ಲ ಗುದ್ದಾಡಿ ಬಂದದ್ದು ಗಾಳಿಗೆ ಹೋಯಿತೇ ಎಂದು ಒಂದು ಗಳಿಗೆ ಅವಳಿಗೆ ಅನಿಸಿತು. ಆಮೇಲೆ ಹೇಮಾಕ್ಷಿಯ ಕಡೆ ತಿರುಗಿ, "ನಿನ್ನ ಹತ್ರ ಕಾಗದ ಎಷ್ಟುಂಟು?" ಎಂದಳು.

ಮರುದಿನ ಸಂಜೆ ರೈಲು ಹತ್ತಿದರು. ಬೆಳಿಗ್ಗೆ ಶೊರನೂರಿನಲ್ಲಿ ರೈಲು ನಿಂತಿತು. ಇಂಜಿನು ಬದಲಾಗಬೇಕು, ಮುಕ್ಕಾಲು ಗಂಟೆ ಹೊರಡುವುದಿಲ್ಲ ಎಂದು ಯಾರೋ ಹೇಳಿದರು. ಕಿನ್ನಿಯಕ್ಕ ಬಟ್ಟೆಯ ಗಂಟನ್ನು ತಲೆಗೇರಿಸಿಕೊಂಡು ಪ್ಲಾಟ್‌ಫಾರಮ್ಮಿಗೆ ಇಳಿದಳು, ಹಿಂದೆ ರಟ್ಟು ಹಿಡಿದು ಹೇಮಾಕ್ಷಿ. ಆ ತುದಿಗೆ ಹೋಗಿ ಬರುವಷ್ಟರಲ್ಲಿ ನೋಣಯ್ಯ ಎದುರಿಗೆ ನಿಂತಿದ್ದ. ಕೈಯಲ್ಲಿ ಮಾವನ ಪುಸ್ತಕ.

"ಮಾಮಿ, ಇದರಲ್ಲಿ ಮೂವತ್ತೆಂಟು ಉಂಟು. ಏಳು ಆಯಿತು. ನಾನು ಮೊದಲ ಸಾಲು ಓದ್ತೇನೆ, ಗೀಟು ಎಷ್ಟು ಅಂತಲೂ ಹೇಳ್ತೇನೆ. ನೀವು ನಡೀರಿ."

ಮೊನ್ನೆ ರೇಡಿಯೋದಲ್ಲಿ ಹೇಳಿದ ಮಾತಿಗೆ ಅವನು ಕ್ಷಮೆ ಕೇಳಲಿಲ್ಲ. ಅವಳೂ ಕೇಳಿಸಲಿಲ್ಲ. ಮೂವರೂ ನಡೆದರು. ಚಹಾದವರು, ಕೂಲಿಯವರು ಜರುಗಿ ದಾರಿ ಬಿಟ್ಟರು. ಒಂದು ಹಾಡು ಆಯಿತು, ಎರಡು ಆಯಿತು. ನಡುವೆ ನೋಣಯ್ಯ ಓದಿದ. "ಮಳೆ ನಿಂತ ಮೇಲೆ ಬಾ ಅಂದಿದ್ದೆ. ಐದು ಗೀಟು."

ಕಿನ್ನಿಯಕ್ಕ ನಡೆದಳು. ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ. ಬಾಯಿ ಅಲುಗಲಿಲ್ಲ. ಇನ್ನೊಮ್ಮೆ ಓದಿಸಿದಳು, ಇನ್ನೊಮ್ಮೆ ನಡೆದಳು. ಹೇಮಾಕ್ಷಿ ಪೆನ್ಸಿಲು ಎತ್ತಿ ಹಿಡಿದುಕೊಂಡೇ ಬಂದಳು. ನೀರಿನ ತೊಟ್ಟಿಯ ಹತ್ತಿರ ಕಿನ್ನಿಯಕ್ಕ ನಿಂತಳು.

"ಇದನ್ನು ನಾನು ಕೇಳಲೇ ಇಲ್ಲ" ಎಂದಳು. "ಯಾವ ವರ್ಷದ್ದು?"

ನೋಣಯ್ಯ ಹಾಳೆಯ ಮೂಲೆ ನೋಡಿದ. "ಇಪ್ಪತ್ತೊಂಬತ್ತು. ಜುಲೈ."

"ನಾನು ಹುಟ್ಟಿದ ತಿಂಗಳಾ ಅಮ್ಮ?" ಎಂದಳು ಹೇಮಾಕ್ಷಿ.

ಹೌದು. ಆ ತಿಂಗಳು ಕಿನ್ನಿಯಕ್ಕ ಬಾಣಂತಿ, ಕೋಣೆಯಲ್ಲಿ. ಪೂವಪ್ಪ ಒಬ್ಬನೇ ನಡೆದು ಕೆಲಸಕ್ಕೆ ಹೋದದ್ದು. ಐದು ಚರಣ ಕಟ್ಟಿದ್ದಾನೆ. ಇಟ್ಟುಕೋ ಎನ್ನಲು ಪಕ್ಕದಲ್ಲಿ ಯಾರೂ ಇಲ್ಲ. ಮನೆಗೆ ಬಂದು ಗೀಟು ಎಳೆದು, ನಾಳೆ ಹೇಳಿದರಾಯಿತು ಎಂದು ಬಿಟ್ಟಿದ್ದಾನೆ, ಉದಾಸೀನದ ಮನುಷ್ಯ. ಮತ್ತೆ ಮರೆತಿದ್ದಾನೆ. ಕಿನ್ನಿಯಕ್ಕನ ಕಣ್ಣಿನಿಂದ ನೀರು ಸುರಿಯಿತು. ತಲೆಯ ಮೇಲೆ ಗಂಟಿತ್ತು, ಒರೆಸಿಕೊಳ್ಳಲು ಅವಳು ಕೈ ಎತ್ತಲಿಲ್ಲ.

"ಎಂತ ಬರೆಯುದು ಮಾಮಿ?" ನೋಣಯ್ಯ ಮೆಲ್ಲಗೆ ಕೇಳಿದ.

"ಅವರದ್ದು ಎಷ್ಟುಂಟೋ ಅಷ್ಟು. ಆ ಒಂದು ಸಾಲು ಬರೆ ಹೇಮಾ. ಕೆಳಗೆ ಐದು ಚರಣದ ಜಾಗ ಖಾಲಿ ಬಿಡು. ಅದರಲ್ಲಿ ಯಾರೂ ಏನೂ ಬರೀಬಾರ್ದು, ನಾನೂ ಬರೆಸುದಿಲ್ಲ."

ಹೇಮಾಕ್ಷಿ ಸಾಲು ಬರೆದಳು. ಕೆಳಗೆ ಬೆರಳಿನಿಂದ ಅಳೆದು ಅಳೆದು ಜಾಗ ಬಿಟ್ಟಳು, ಹಾಳೆ ತಿರುಗಿಸಿದಳು. ಆಚೆ ತುದಿಯಲ್ಲಿ ಹೊಸ ಇಂಜಿನು ಬಂದು ಡಬ್ಬಿಗೆ ಹೊಡೆದ ಸದ್ದಾಯಿತು. ಇನ್ನು ಹೆಚ್ಚು ಹೊತ್ತಿಲ್ಲ.

"ನೋಣಯ್ಯ, ಮುಂದಿನದ್ದು ಓದು" ಎಂದು ಕಿನ್ನಿಯಕ್ಕ ನಡೆಯತೊಡಗಿದಳು.